ಕಿವಿಯಲ್ಲಿ ಗುಂಯ್ ಸದ್ದು: ದವಡೆ, ಕತ್ತು, ತಲೆಗೆ ಕೈಯಿಂದ ಮಾಡಿಕೊಳ್ಳಬಹುದಾದ ಆರೈಕೆ

ಹೊರಗೆಲ್ಲೂ ಇಲ್ಲದ ಸದ್ದು ನಿಮ್ಮ ಕಿವಿಗೆ ಮಾತ್ರ ಕೇಳಿಸುತ್ತಿದೆಯಾ? ಕೆಲವರಿಗೆ ಅದು ಗುಂಯ್ ಎನ್ನುತ್ತದೆ. ಕೆಲವರಿಗೆ ರಾತ್ರಿಯ ಜೀರುಂಡೆ ಸದ್ದು, ಇನ್ನು ಕೆಲವರಿಗೆ ಸಣ್ಣಗೆ ಸುಯ್ ಎನ್ನುವ ಸೀಟಿ. ಡಾಕ್ಟರುಗಳು ಇದನ್ನು ಟಿನಿಟಸ್ ಎನ್ನುತ್ತಾರೆ, ಆಯುರ್ವೇದದವರು ಕರ್ಣನಾದ ಎನ್ನುತ್ತಾರೆ. ದೊಡ್ಡವರಲ್ಲಿ ನೂರಕ್ಕೆ 10ರಿಂದ 15 ಜನರಿಗೆ ಇದು ಒಂದಲ್ಲ ಒಂದು ಮಟ್ಟದಲ್ಲಿ ಇದೆ. ಹೆಚ್ಚಿನವರು ಅದರ ಪಾಡಿಗೆ ಅದನ್ನು ಬಿಟ್ಟು ಬದುಕುತ್ತಾರೆ. ಆದರೆ ನಿದ್ದೆ ಕೆಡುವವರು, ಕೆಲಸದಲ್ಲಿ ಮನಸ್ಸು ನಿಲ್ಲದವರು, ಯಾರ ಹತ್ತಿರ ಹೇಳಿಕೊಂಡರೂ ಅರ್ಥವಾಗದೆ ಸುಮ್ನೆ ಒಳಗೇ ಕೊರಗುವವರು ಕಡಿಮೆಯೇನಿಲ್ಲ.

"ಇದಕ್ಕೆ ಮಾತ್ರೆ ಇಲ್ಲ, ಒಗ್ಗಿಕೊಳ್ಳಿ" ಎಂಬ ಮಾತು ಕೇಳಿ ಆಸ್ಪತ್ರೆಯಿಂದ ಹೊರಗೆ ಬಂದವರು ಮುಂದೆ ಏನು ಮಾಡುತ್ತಾರೆ? ಮೊಬೈಲಿನಲ್ಲಿ ಹುಡುಕುತ್ತಾರೆ. ತಲೆ ಹೀಗೆ ಒತ್ತಿ, ಕಿವಿ ಹಾಗೆ ಎಳೆಯಿರಿ, ಒಂದೇ ನಿಮಿಷದಲ್ಲಿ ಸದ್ದು ಮಾಯ ಎನ್ನುವ ವಿಡಿಯೋಗಳು ಸಾಲುಸಾಲಾಗಿ ಬರುತ್ತವೆ. ಕೆಲವು ನಿಜಕ್ಕೂ ಸ್ವಲ್ಪ ಸಹಾಯ ಮಾಡುತ್ತವೆ. ಕೆಲವು ಏನೂ ಮಾಡುವುದಿಲ್ಲ. ಒಂದೆರಡು ಮಾತ್ರ ತುಂಬಾ ಅಪಾಯಕಾರಿ.

ನಾನು ಹೇಳಬೇಕೆಂದಿರುವುದು ಇಷ್ಟು. ಕೈಯಿಂದ ಮಾಡುವ ಚಿಕಿತ್ಸೆ ಎಲ್ಲರ ಸದ್ದಿಗೂ ಅಲ್ಲ. ದವಡೆ ಅಥವಾ ಕತ್ತಿನ ಜೊತೆ ನಂಟಿರುವ ಸದ್ದಿಗೆ ಅದು ಕೆಲಸ ಮಾಡುವ ಸಾಧ್ಯತೆ ಇದೆ. ಹಾಗಾಗಿ ನಿಮ್ಮ ಸದ್ದು ಆ ಗುಂಪಿಗೆ ಸೇರುತ್ತದಾ ಎಂದು ಮೊದಲು ನೋಡಿಕೊಳ್ಳಿ. ಸೇರಿದರೆ ಮೆತ್ತಗೆ, ಒಂದೊಂದಾಗಿ, ಬರೆದಿಟ್ಟುಕೊಂಡು ಪ್ರಯತ್ನಿಸಿ.

ತಲೆಗೆ ಕೈ ಹಚ್ಚುವ ಮೊದಲು ಕಿವಿ ತೋರಿಸಿ

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿದ್ದರೂ ಸದ್ದು ಬರುತ್ತದೆ. ಅದನ್ನು ತೆಗೆದ ದಿನವೇ ಸದ್ದು ಹೋದವರಿದ್ದಾರೆ. ಅಂಥವರು ತಿಂಗಳುಗಟ್ಟಲೆ ಕತ್ತು ಉಜ್ಜಿಕೊಂಡು ಕೂತರೆ ಏನು ಪ್ರಯೋಜನ? ಇಎನ್‌ಟಿ ಡಾಕ್ಟರ್ ಒಮ್ಮೆ ಕಿವಿಯೊಳಗೆ ನೋಡಲಿ. ಆಡಿಯಾಲಜಿಸ್ಟ್ ಹತ್ತಿರ ಆಡಿಯೋಮೆಟ್ರಿ, ಅಂದರೆ ಕೇಳುವ ಶಕ್ತಿಯ ಪರೀಕ್ಷೆ, ಆಗಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸಕ್ಕೆ ಮೀಸಲಾಗಿದೆ. ಹತ್ತಿರದಲ್ಲಿರುವವರಿಗೆ ಅದು ಒಳ್ಳೆಯ ದಾರಿ. ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಹೋದರೂ ಸರಿ.

ತಿನ್ನುವ ಮಾತ್ರೆಗಳ ಚೀಟಿಯನ್ನೂ ತೆಗೆದುಕೊಂಡು ಹೋಗಿ. ಹೆಚ್ಚಿನ ಪ್ರಮಾಣದ ಆಸ್ಪಿರಿನ್, ಜೆಂಟಾಮೈಸಿನ್ ಮತ್ತು ಅಮಿಕಾಸಿನ್ ಇಂಜೆಕ್ಷನ್, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಇವೆಲ್ಲ ಕಿವಿಗೆ ತೊಂದರೆ ಕೊಡಬಲ್ಲವು. ಆದರೆ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಕೇಳಿ, ಅಷ್ಟೇ.

ಕೆಲವು ಲಕ್ಷಣಗಳಿದ್ದರೆ ಮಸಾಜ್ ಯೋಚನೆಯನ್ನೇ ಬದಿಗಿಟ್ಟು ಬೇಗ ಡಾಕ್ಟರ್ ಹತ್ತಿರ ಓಡಬೇಕು. ಸದ್ದು ಎದೆಬಡಿತದ ತಾಳಕ್ಕೆ ಸರಿಯಾಗಿ ಡಬ್ ಡಬ್ ಎಂದು ಬರುತ್ತಿದ್ದರೆ ಅದು ರಕ್ತನಾಳದ ವಿಷಯ ಇರಬಹುದು, ಸ್ಕ್ಯಾನ್ ಬೇಕಾಗುತ್ತದೆ. ಒಂದೇ ಕಿವಿಯಲ್ಲಿ ಸದ್ದು ಇದ್ದು ಆ ಕಿವಿ ನಿಧಾನವಾಗಿ ಮಂದವಾಗುತ್ತಿದ್ದರೆ ತೋರಿಸಲೇಬೇಕು. ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾದ ಸದ್ದು, ಜೊತೆಗೆ ತಲೆ ಗಿರ್ರನೆ ಸುತ್ತುವುದು, ಮುಖದ ಒಂದು ಬದಿ ಸೊಟ್ಟಗಾಗುವುದು, ಕಿವಿ ಸೋರುವುದು ಕೂಡ ಹಾಗೆಯೇ. ಎಲ್ಲಕ್ಕಿಂತ ತುರ್ತಾದದ್ದು ಇದು: ಒಂದು ಕಿವಿ ಇದ್ದಕ್ಕಿದ್ದಂತೆ, ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ, ಕೇಳಿಸದಂತಾದರೆ "ನೆಗಡಿ ಇರಬೇಕು, ನಾಳೆ ಸರಿಯಾಗುತ್ತದೆ" ಎಂದು ಕಾಯಬೇಡಿ. ಅದಕ್ಕೆ ಸ್ಟೀರಾಯ್ಡ್ ಚಿಕಿತ್ಸೆ ಇದೆ, ಆದರೆ ಮೊದಲ ಕೆಲವು ದಿನಗಳಲ್ಲಿ ಶುರು ಮಾಡಿದರೆ ಮಾತ್ರ ಒಳ್ಳೆಯ ಫಲ ಸಿಗುತ್ತದೆ. ವಾರಗಳು ಕಳೆದಂತೆ ಆ ಅವಕಾಶ ಕೈ ತಪ್ಪುತ್ತದೆ.

ಕತ್ತಿಗೂ ಕಿವಿಗೂ ಏನು ಸಂಬಂಧ?

ಹೆಚ್ಚಿನವರಲ್ಲಿ ಈ ಸದ್ದಿನ ಹಿಂದೆ ಒಂದಷ್ಟು ಕಿವುಡು ಇರುತ್ತದೆ. ವಯಸ್ಸಿನಿಂದ ಬಂದದ್ದು, ಇಲ್ಲವೇ ಮಿಲ್ಲು, ಡಿಜೆ, ಪಟಾಕಿ, ಇಯರ್‌ಫೋನ್ ಹೀಗೆ ಜೋರು ಸದ್ದಿನಿಂದ ಬಂದದ್ದು. ಕಿವಿಯಿಂದ ಬರುವ ಸುದ್ದಿ ಕಡಿಮೆಯಾದಾಗ ಮಿದುಳು ತನ್ನ ಕಡೆಯಿಂದ ಏರಿಸುತ್ತದೆ. ರೇಡಿಯೋದಲ್ಲಿ ಸ್ಟೇಷನ್ ಸಿಗದಿದ್ದಾಗ ವಾಲ್ಯೂಮ್ ತಿರುಗಿಸಿದರೆ ಗೊರಗೊರ ಕೇಳುತ್ತದಲ್ಲ, ಹಾಗೆ.

ಕಿವಿಯ ನರ ಮಿದುಳಿನ ಕಾಂಡ ಸೇರುವ ಜಾಗದಲ್ಲಿ ಡಾರ್ಸಲ್ ಕಾಕ್ಲಿಯರ್ ನ್ಯೂಕ್ಲಿಯಸ್ ಎಂಬ ಸಣ್ಣ ಕೇಂದ್ರವಿದೆ. ಅಲ್ಲಿಗೆ ಕಿವಿಯಿಂದ ಮಾತ್ರ ಸುದ್ದಿ ಬರುವುದಿಲ್ಲ. ಮುಖ, ದವಡೆಯ ನರಗಳಿಂದಲೂ, ಕತ್ತಿನ ಮೇಲ್ಭಾಗದ ನರಗಳಿಂದಲೂ ಬರುತ್ತದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸೂಸನ್ ಶೋರ್ ಅವರ ತಂಡ ಇದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದೆ. ಸ್ನಾಯುಗಳು ಸದಾ ಬಿಗಿದುಕೊಂಡಿದ್ದರೆ ಆ ಕಡೆಯ ಸುದ್ದಿಯೂ ಕೆಟ್ಟು ಬಂದು, ಕೇಳುವ ಕೇಂದ್ರವನ್ನು ಕೆರಳಿಸಬಹುದು. ಹೀಗೆ ಬರುವ, ಇಲ್ಲವೇ ಹೀಗೆ ಜಾಸ್ತಿಯಾಗುವ ಸದ್ದಿಗೆ ಸೊಮ್ಯಾಟಿಕ್ ಟಿನಿಟಸ್ ಎಂದು ಹೆಸರು. ಯಾವುದನ್ನು ಹಾಗೆ ಕರೆಯಬಹುದು ಎಂಬುದಕ್ಕೆ 2018ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಗುರುತುಗಳನ್ನೂ ಪಟ್ಟಿ ಮಾಡಿದ್ದಾರೆ.

ಇಷ್ಟು ತಿಳಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ನಾವು ಒತ್ತುವುದು, ಉಜ್ಜುವುದು ಕಿವಿಯನ್ನಲ್ಲ. ಕಿವಿಯ ಸುತ್ತ ಬಿಗಿದು ಕೂತ ಸ್ನಾಯುಗಳನ್ನು.

ನಿಮ್ಮ ಸದ್ದು ಆ ಗುಂಪಿನದಾ?

ರಾತ್ರಿ ಮನೆ ಶಾಂತವಾದ ಮೇಲೆ ಫ್ಯಾನ್ ಆಫ್ ಮಾಡಿ ಒಂದು ಕುರ್ಚಿಯಲ್ಲಿ ನೇರವಾಗಿ ಕೂರಿ. ಸದ್ದು ಈಗ ಎಷ್ಟಿದೆ, ಯಾವ ಕಿವಿಯಲ್ಲಿದೆ ಎಂದು ಒಂದು ನಿಮಿಷ ಗಮನಿಸಿ.

ಮೊದಲು ದವಡೆ. ಹಲ್ಲುಗಳನ್ನು ಗಟ್ಟಿಯಾಗಿ ಕಚ್ಚಿ ಐದು ಎಣಿಸಿ, ಬಿಡಿ. ಬಾಯಿ ಪೂರ್ತಿ ತೆರೆಯಿರಿ. ಕೆಳದವಡೆಯನ್ನು ಮುಂದಕ್ಕೆ ಚಾಚಿ. ಎಡಕ್ಕೆ, ಬಲಕ್ಕೆ ಸರಿಸಿ. ಪ್ರತಿ ಸಲವೂ ಸದ್ದು ಜೋರಾಯಿತಾ, ಇಳಿಯಿತಾ, ಅದರ ಸ್ವರ ಬದಲಾಯಿತಾ ನೋಡಿ. ಆಮೇಲೆ ಕತ್ತು. ಹಣೆಗೆ ಅಂಗೈ ಕೊಟ್ಟು ತಲೆಯಿಂದ ಅಂಗೈಯನ್ನು ತಳ್ಳಿ, ಆದರೆ ತಲೆ ಅಲ್ಲಾಡಬಾರದು. ಹಾಗೆಯೇ ಹಿಂದಲೆಗೆ ಕೈ ಕೊಟ್ಟು ಒಮ್ಮೆ, ತಲೆಯ ಎಡ ಬಲ ಬದಿಗೆ ಕೈ ಕೊಟ್ಟು ಒಮ್ಮೊಮ್ಮೆ. ಕೊನೆಗೆ ತಲೆಯನ್ನು ನಿಧಾನವಾಗಿ ಎರಡೂ ಕಡೆ ತಿರುಗಿಸಿ.

ನನಗೆ ಎಡಗಿವಿಯಲ್ಲಿ ಸದ್ದಿದೆ. ಹಲ್ಲು ಕಚ್ಚಿದರೆ ಅದು ತಟ್ಟನೆ ಒಂದು ಮೆಟ್ಟಿಲು ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ಮೊದಲ ಸಲ ಇದು ಗೊತ್ತಾದಾಗ ಹೆದರಿಕೆಗಿಂತ ಸಮಾಧಾನವೇ ಜಾಸ್ತಿ ಆಯಿತು. ನಮ್ಮ ಕೈಗೆ ಸಿಗುವ ಒಂದು ಎಳೆಯಾದರೂ ಇದೆಯಲ್ಲ ಎಂದು.

ಆದರೆ ಸದ್ದು ಬದಲಾದ ಮಾತ್ರಕ್ಕೆ ಎಲ್ಲವೂ ದವಡೆಯಿಂದಲೇ ಎಂದು ತೀರ್ಮಾನಿಸಬೇಡಿ. ಟಿನಿಟಸ್ ಇರುವ ಬಹಳ ಜನರಲ್ಲಿ ಈ ಪರೀಕ್ಷೆಗೆ ಸ್ವಲ್ಪ ಬದಲಾವಣೆ ಕಾಣುತ್ತದೆ. ಬೇರೆ ಸುಳಿವುಗಳೂ ಜೊತೆಗೆ ಬೇಕು. ಕತ್ತು ನೋವು ಅಥವಾ ದವಡೆ ನೋವು ಶುರುವಾದ ಹೊತ್ತಿಗೇ ಸದ್ದೂ ಶುರುವಾಯಿತಾ? ಎರಡೂ ಒಂದೇ ಕಡೆ ಇವೆಯಾ? ನೋವು ಜಾಸ್ತಿಯಾದ ದಿನ ಸದ್ದೂ ಜಾಸ್ತಿಯಾಗುತ್ತದಾ? ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂತ ದಿನ, ಬಸ್ಸಿನಲ್ಲಿ ತಲೆ ವಾಲಿಸಿಕೊಂಡು ನಿದ್ದೆ ಮಾಡಿದ ದಿನ ಹೇಗಿರುತ್ತದೆ? ರಾತ್ರಿ ಹಲ್ಲು ಕಡಿಯುತ್ತೀರಿ ಎಂದು ಮನೆಯವರು ಹೇಳಿದ್ದಾರಾ? ಬಾಯಿ ತೆರೆದಾಗ ಕಿವಿಯ ಮುಂದೆ ಟಕ್ ಎನ್ನುತ್ತದಾ? ಇವುಗಳಲ್ಲಿ ಮೂರು ನಾಲ್ಕಕ್ಕೆ ಹೌದು ಎಂದಾದರೆ ಮುಂದಿನ ಹೆಜ್ಜೆಗಳು ನಿಮಗಾಗಿಯೇ ಇವೆ. ಒಂದಕ್ಕೂ ಹೌದು ಎನ್ನಲಾಗದಿದ್ದರೆ ಮಸಾಜಿಗೆ ಹಣ ಸುರಿಯಬೇಡಿ. ಆಡಿಯಾಲಜಿಸ್ಟ್ ಸಲಹೆಯೇ ನಿಮಗೆ ಹೆಚ್ಚು ಉಪಯೋಗ.

ಒಂದು ಹಳೆಯ ನೋಟ್‌ಬುಕ್ ತೆಗೆಯಿರಿ

ಟಿನಿಟಸ್ ತನ್ನಷ್ಟಕ್ಕೇ ಏರಿಳಿಯುತ್ತದೆ. ಇವತ್ತು ಕಡಿಮೆ ಇದ್ದರೆ ಅದು ನಿನ್ನೆಯ ಮಸಾಜಿನಿಂದಲೋ, ಒಳ್ಳೆಯ ನಿದ್ದೆಯಿಂದಲೋ ನೆನಪಿನ ಮೇಲೆ ಹೇಳಲು ಬರುವುದಿಲ್ಲ. ಹಾಗಾಗಿ ಏನೂ ಶುರು ಮಾಡುವ ಮುಂಚೆ ಒಂದು ವಾರ ಬರೀ ಬರೆಯಿರಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಎರಡು ಅಂಕಿ: ಸದ್ದು ಎಷ್ಟು ಜೋರು, ಅದು ಎಷ್ಟು ಕಾಡಿತು. ಎರಡಕ್ಕೂ 0ರಿಂದ 10. ಪಕ್ಕದಲ್ಲಿ ನಿದ್ದೆ ಹೇಗಿತ್ತು, ಕತ್ತು ಬಿಗಿ ಇತ್ತಾ ಎಂದು ಎರಡು ಪದ.

ಎರಡು ಅಂಕಿ ಯಾಕೆಂದರೆ ಅವೆರಡೂ ಬೇರೆ ಬೇರೆ. ಜೋರು 6ರಲ್ಲೇ ಇದ್ದು ಕಾಟ 7ರಿಂದ 3ಕ್ಕೆ ಇಳಿದರೆ ಅದು ಸಣ್ಣ ಗೆಲುವಲ್ಲ. ಬದುಕು ಹಗುರವಾಗುವುದು ಎರಡನೇ ಅಂಕಿ ಇಳಿದಾಗಲೇ.

ದವಡೆಯಿಂದ ಶುರು ಮಾಡಿ

ಬೆರಳುಗಳನ್ನು ಕೆನ್ನೆಯ ಹಿಂಭಾಗದಲ್ಲಿ, ಕಿವಿಯಿಂದ ಎರಡು ಬೆರಳು ಮುಂದೆ ಇಟ್ಟು ಹಲ್ಲು ಕಚ್ಚಿ. ಅಲ್ಲಿ ಉಬ್ಬಿ ಗಟ್ಟಿಯಾಗುವ ಸ್ನಾಯುವೇ ಮ್ಯಾಸೆಟರ್, ಅಗಿಯುವ ಸ್ನಾಯು. ಈಗ ಹಲ್ಲು ಬಿಟ್ಟು ಬಾಯಿ ಸಡಿಲ ಮಾಡಿ. ಎರಡು ಬೆರಳಿನ ತುದಿಯಿಂದ ಕೆನ್ನೆಯ ಮೂಳೆಯ ಕೆಳಗಿನಿಂದ ದವಡೆಯ ಮೂಲೆಯವರೆಗೆ ಸಣ್ಣ ಸುತ್ತುಗಳಲ್ಲಿ ಒತ್ತುತ್ತಾ ಬನ್ನಿ. ಎಲ್ಲೋ ಒಂದು ಕಡೆ ಗಂಟಿನ ಹಾಗೆ ಸಿಕ್ಕಿ "ಹಾಂ, ಇಲ್ಲೇ" ಅನ್ನಿಸುತ್ತದೆ. ಅಲ್ಲಿ ನಿಲ್ಲಿ. ಹತ್ತರಲ್ಲಿ ಮೂರರಷ್ಟು ನೋವು ಬರುವಷ್ಟೇ ಒತ್ತಿ ಹಿಡಿದು, ಬಾಯನ್ನು ನಿಧಾನವಾಗಿ ತೆರೆದು ಮುಚ್ಚಿ. ಅರ್ಧ ನಿಮಿಷ ಸಾಕು. ಕೆಲವರಿಗೆ ಆ ಜಾಗ ಒತ್ತಿದಾಗ ಕಿವಿಯೊಳಗೇ ನೋವು ಬಂದ ಹಾಗೆ, ಇಲ್ಲವೇ ಸದ್ದು ಬದಲಾದ ಹಾಗೆ ಆಗುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಫಿಸಿಯೋಥೆರಪಿಸ್ಟ್‌ಗೆ ಅದು ಬೆಲೆಯುಳ್ಳ ಸುಳಿವು.

ಆಮೇಲೆ ಕಣತಲೆ. ಕಿವಿಯ ಮೇಲ್ಗಡೆ, ಕೂದಲಿನೊಳಗೆ ಬೀಸಣಿಗೆಯಂತೆ ಹರಡಿಕೊಂಡಿರುವ ಸ್ನಾಯುವೂ ಅಗಿಯಲು ಇರುವುದೇ. ಬೆರಳ ತುದಿಗಳನ್ನು ಚರ್ಮದ ಮೇಲೆ ಜಾರಿಸಬೇಡಿ. ಚರ್ಮವನ್ನೇ ಹಿಡಿದು ನಿಧಾನವಾಗಿ ಆಡಿಸಿ. ಹೀಗೆ ಎರಡೂ ಕಡೆ ಸೇರಿ ಐದು ನಿಮಿಷ, ದಿನಕ್ಕೆ ಎರಡು ಸಲ. ಬಾಯಿಯೊಳಗೆ ಬೆರಳು ಹಾಕಿ ಹಿಂದಿನ ಸ್ನಾಯು ಒತ್ತುವ ವಿಡಿಯೋಗಳೂ ಇವೆ. ಅದನ್ನು ಮನೆಯಲ್ಲಿ ಮಾಡಬೇಡಿ, ತರಬೇತಿ ಇರುವ ಫಿಸಿಯೋ ಮಾಡಲಿ.

ಮಸಾಜಿಗಿಂತ ದೊಡ್ಡ ಕೆಲಸ ಉಳಿದ ಇಪ್ಪತ್ತಮೂರು ಗಂಟೆಗಳಲ್ಲಿದೆ. ದವಡೆ ವಿಶ್ರಾಂತಿಯಲ್ಲಿದ್ದಾಗ ತುಟಿ ಮುಚ್ಚಿರಬೇಕು, ಹಲ್ಲುಗಳು ಒಂದಕ್ಕೊಂದು ತಾಗಬಾರದು, ನಾಲಿಗೆಯ ತುದಿ ಮೇಲಿನ ಮುಂಹಲ್ಲಿನ ಹಿಂದೆ ಹಗುರವಾಗಿ ಕೂತಿರಬೇಕು. ಈ ಸಾಲು ಓದುವಾಗ ನಿಮ್ಮ ಹಲ್ಲು ಕಚ್ಚಿಕೊಂಡಿವೆಯಾ ನೋಡಿ. ಮೊಬೈಲ್ ತೆಗೆದಾಗಲೆಲ್ಲ ಒಮ್ಮೆ ಹೀಗೆ ನೋಡಿಕೊಳ್ಳುವ ಅಭ್ಯಾಸ ಮಾಡಿ. ಇಡೀ ದಿನ ಅಡಿಕೆ, ಗುಟ್ಕಾ, ಚ್ಯೂಯಿಂಗ್ ಗಮ್ ಅಗಿಯುವವರ ದವಡೆಗೆ ಬಿಡುವೇ ಇರುವುದಿಲ್ಲ. ಪ್ರಯೋಗ ನಡೆಯುವ ವಾರಗಳಲ್ಲಾದರೂ ಅದನ್ನು ಬಿಡಿ. ಗಟ್ಟಿ ಕೋಡುಬಳೆ, ಚಕ್ಕುಲಿ, ಕಬ್ಬು ಕೂಡ ಸ್ವಲ್ಪ ದಿನ ದೂರ ಇರಲಿ. ರಾತ್ರಿ ಹಲ್ಲು ಕಡಿಯುವವರಿಗೆ ದಂತವೈದ್ಯರು ಅಳತೆ ತೆಗೆದು ನೈಟ್ ಗಾರ್ಡ್, ಅಂದರೆ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ, ಮಾಡಿಕೊಡುತ್ತಾರೆ, ಕೇಳಿ ನೋಡಿ.

ಹಿಂಗತ್ತು ಮತ್ತು ಕತ್ತಿನ ಪಕ್ಕ

ತಲೆಬುರುಡೆ ಮುಗಿದು ಕತ್ತು ಶುರುವಾಗುವಲ್ಲಿ, ಬೆನ್ನುಮೂಳೆಯ ಎರಡೂ ಬದಿ ಒಂದೊಂದು ಸಣ್ಣ ಗುಂಡಿ ಸಿಗುತ್ತದೆ. ಅದರೊಳಗಿನ ಪುಟ್ಟ ಸ್ನಾಯುಗಳು ಇಡೀ ದಿನ ತಲೆಯನ್ನು ಹಿಡಿದು ನಿಲ್ಲಿಸುತ್ತವೆ. ಫೋನ್ ನೋಡುತ್ತಾ ತಲೆ ಮುಂದಕ್ಕೆ ಚಾಚಿದಷ್ಟೂ ಅವುಗಳಿಗೆ ಕೆಲಸ ಜಾಸ್ತಿ. ಭಾರದ ಹೆಲ್ಮೆಟ್ ಹಾಕಿ ದಿನಾ ದೂರ ಬೈಕ್ ಓಡಿಸುವವರ ಕಥೆಯೂ ಇದೇ.

ಎರಡು ಟೆನಿಸ್ ಚೆಂಡುಗಳನ್ನು ಒಂದು ಕಾಲುಚೀಲದೊಳಗೆ ಹಾಕಿ ಬಾಯಿ ಕಟ್ಟಿ. ಚಾಪೆಯ ಮೇಲೆ ಅಂಗಾತ ಮಲಗಿ, ಚೆಂಡುಗಳು ಆ ಎರಡು ಗುಂಡಿಗೆ ಬರುವಂತೆ ತಲೆಯ ಕೆಳಗಿಡಿ. ತಲೆಯ ಭಾರ ಬಿಟ್ಟುಬಿಡಿ, ಅದೇ ಸಾಕಷ್ಟು ಒತ್ತುತ್ತದೆ. ಹೌದು ಎನ್ನುವ ಹಾಗೆ ಗದ್ದವನ್ನು ತೀರಾ ಸಣ್ಣಗೆ ಆಡಿಸಿ. ಎರಡು ಮೂರು ನಿಮಿಷಕ್ಕಿಂತ ಜಾಸ್ತಿ ಬೇಡ. ತಲೆ ಸುತ್ತಿದರೆ ಅಥವಾ ಕಣ್ಣು ಮಂಜಾದರೆ ಕೂಡಲೇ ಚೆಂಡು ತೆಗೆದುಬಿಡಿ, ಮತ್ತೆ ಮಾಡಬೇಡಿ. ಮನೆಯಲ್ಲಿ ಯಾರಾದರೂ ಮಾಡಿಕೊಡುತ್ತೇನೆ ಎಂದರೆ ಇನ್ನೂ ಒಳ್ಳೆಯದು. ಅವರು ನಿಮ್ಮ ತಲೆಯ ಹಿಂದೆ ಕೂತು, ಬೆರಳ ತುದಿಗಳನ್ನು ಆ ಗುಂಡಿಗಳಿಗೆ ಕೊಟ್ಟು, ತಲೆಯ ಭಾರ ಬೆರಳ ಮೇಲೆ ಇಳಿಯುವ ತನಕ ಸುಮ್ಮನೆ ಹಿಡಿದಿರಬೇಕು. ಉಜ್ಜುವುದು, ಎಳೆಯುವುದು ಏನೂ ಬೇಕಿಲ್ಲ.

ಇನ್ನು ಕತ್ತಿನ ಪಕ್ಕ. ತಲೆಯನ್ನು ಎಡಕ್ಕೆ ತಿರುಗಿಸಿ ಕನ್ನಡಿ ನೋಡಿ. ಬಲಗಿವಿಯ ಹಿಂದಿನ ಮೂಳೆಯಿಂದ ಎದೆಯ ಮೇಲಿನ ಮೂಳೆಗೆ ಹಗ್ಗದ ಹಾಗೆ ಒಂದು ಸ್ನಾಯು ಎದ್ದು ಕಾಣುತ್ತದೆ. ಈಗ ತಲೆ ನೇರ ಮಾಡಿ, ಬಲಕ್ಕೆ ಸ್ವಲ್ಪ ವಾಲಿಸಿ. ಆ ಸ್ನಾಯು ಸಡಿಲವಾಗುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸ್ನಾಯುವನ್ನು ಮಾತ್ರ ಮೆತ್ತಗೆ ಹಿಡಿದು, ಮೇಲಿನಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ಬನ್ನಿ. ಇಲ್ಲಿ ಎಚ್ಚರ ತುಂಬಾ ಮುಖ್ಯ. ಬೆರಳಿಗೆ ನಾಡಿ ಬಡಿತ ಸಿಕ್ಕಿದರೆ ನೀವು ರಕ್ತನಾಳದ ಮೇಲಿದ್ದೀರಿ, ಕೈ ತೆಗೆಯಿರಿ. ಒಳಕ್ಕೆ ಒತ್ತಲೇಬೇಡಿ. ಎರಡೂ ಕಡೆ ಒಟ್ಟಿಗೆ ಹಿಡಿಯಬೇಡಿ. ಅಲ್ಲಿನ ರಕ್ತನಾಳ ಒತ್ತಿದರೆ ಎದೆಬಡಿತ ಇಳಿದು ತಲೆ ತಿರುಗಿ ಬೀಳುವವರಿದ್ದಾರೆ. ವಯಸ್ಸಾದವರು, ಬಿಪಿ, ಹೃದಯದ ತೊಂದರೆ ಇರುವವರು, ಮೊದಲೇ ಸ್ಟ್ರೋಕ್ ಆದವರು ಈ ಒಂದನ್ನು ಬಿಟ್ಟುಬಿಡಿ.

ಕೊನೆಗೆ ಹೆಗಲಿನ ಮೇಲ್ಭಾಗ. ಅಲ್ಲಿ ಕೈಯಿಂದ ಹಿಡಿದು ಹಿಸುಕುವುದು ಎಲ್ಲರಿಗೂ ಗೊತ್ತಿರುವುದೇ. ಬಿಸಿನೀರಿನ ಚೀಲ ಹತ್ತು ನಿಮಿಷ ಇಟ್ಟು ಆಮೇಲೆ ಹಿಸುಕಿದರೆ ಬೇಗ ಸಡಿಲವಾಗುತ್ತದೆ.

ಬೆರಳಿನಿಂದ ತಲೆಯ ಹಿಂದೆ ಬಡಿಯುವುದು

ವಿಡಿಯೋಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಓಡಾಡುವುದು ಇದೇ. ಚೀನಾದ ಹಳೆಯ ಆರೋಗ್ಯ ಸಾಧನೆಗಳಲ್ಲಿ ಇದಕ್ಕೆ ಸ್ವರ್ಗದ ಡೋಲು ಬಾರಿಸುವುದು ಎನ್ನುತ್ತಾರೆ. ಎರಡೂ ಅಂಗೈಗಳಿಂದ ಕಿವಿ ಮುಚ್ಚಿ. ಬೆರಳುಗಳು ತಲೆಯ ಹಿಂದೆ, ಬುರುಡೆಯ ಬುಡಕ್ಕೆ ಬರಲಿ. ತೋರುಬೆರಳನ್ನು ನಡುಬೆರಳಿನ ಮೇಲಿಟ್ಟು, ಜಾರಿಸಿ ತಲೆಗೆ ಟಪ್ ಎಂದು ಬಡಿಯಿರಿ. ಒಳಗೆ ಡೋಲಿನ ಸದ್ದು ಕೇಳುತ್ತದೆ. ನಲವತ್ತೈವತ್ತು ಸಲ ಬಡಿದು ಕೈ ತೆಗೆಯಿರಿ.

ಕೆಲವರಿಗೆ ಸದ್ದು ನಿಂತೇ ಹೋಗುತ್ತದೆ, ಒಂದೆರಡು ನಿಮಿಷ. ಕೆಲವರಿಗೆ ಏನೂ ಆಗುವುದಿಲ್ಲ. ಜೋರು ಸದ್ದು ಕೇಳಿದ ಮೇಲೆ ಟಿನಿಟಸ್ ಸ್ವಲ್ಪ ಹೊತ್ತು ಅಡಗುವುದು ಹಿಂದಿನಿಂದಲೂ ಗೊತ್ತಿರುವ ವಿಷಯ. ಜೊತೆಗೆ ಬುರುಡೆಯ ಬುಡದ ಸ್ನಾಯುಗಳ ಮೇಲಿನ ತಟ್ಟುವಿಕೆಯೂ ಸೇರಿರಬಹುದು. ಗುಣವಾಯಿತು ಎಂದುಕೊಳ್ಳಬೇಡಿ, ವಾಪಸ್ ಬಂತು ಎಂದು ಕುಗ್ಗಲೂ ಬೇಡಿ. ಮಲಗುವ ಮುಂಚೆ ಆ ಎರಡು ನಿಮಿಷ ಸಿಕ್ಕರೆ ಅದೂ ಒಳ್ಳೆಯದೇ ಅಲ್ವಾ? ಮೆತ್ತಗೆ ಬಡಿಯಿರಿ ಅಷ್ಟೇ. ಅಂಗೈಯಿಂದ ಕಿವಿಯನ್ನು ಗಾಳಿ ಹೋಗದಂತೆ ಒತ್ತಿ ಪಟ್ ಎಂದು ಎಳೆಯುವ ಆಟ ಬೇಡ, ಕಿವಿಯ ತಮಟೆಗೆ, ಅಂದರೆ ಒಳಗಿನ ತೆಳು ಪರದೆಗೆ, ಏಟು ಬೀಳುತ್ತದೆ.

ಎಣ್ಣೆ, ತಲೆ ತಟ್ಟುವುದು, ಶಿರೋಧಾರೆ

ಹರಳೆಣ್ಣೆ ಹಚ್ಚಿ ನೆತ್ತಿ ತಟ್ಟಿ ಎಣ್ಣೆಸ್ನಾನ ಮಾಡಿಸುವ ಮನೆಗಳಲ್ಲಿ ಬೆಳೆದವರಿಗೆ ಅದರ ಸುಖ ಹೇಳಬೇಕಾಗಿಲ್ಲ. ತಲೆ, ಕತ್ತು, ಹೆಗಲು ಸಡಿಲವಾಗುತ್ತವೆ, ಆ ದಿನ ನಿದ್ದೆ ಚೆನ್ನಾಗಿ ಬರುತ್ತದೆ. ನಿದ್ದೆ ಬಂದರೆ ಮರುದಿನ ಸದ್ದಿನ ಕಾಟ ಕಡಿಮೆ. ಶಿರೋಧಾರೆಯನ್ನೂ ನಾನು ಇದೇ ಲೆಕ್ಕದಲ್ಲಿ ನೋಡುತ್ತೇನೆ. ಹಣೆಯ ಮೇಲೆ ಬೆಚ್ಚನೆಯ ಎಣ್ಣೆ ಒಂದೇ ಧಾರೆಯಾಗಿ ಬೀಳುತ್ತಿದ್ದರೆ ಮನಸ್ಸು ನಿಜಕ್ಕೂ ಶಾಂತವಾಗುತ್ತದೆ. ಆದರೆ "ಇಷ್ಟು ದಿನದ ಪ್ಯಾಕೇಜ್ ತೆಗೆದುಕೊಂಡರೆ ಕರ್ಣನಾದ ಪೂರ್ತಿ ಹೋಗುತ್ತದೆ" ಎಂದು ಯಾರಾದರೂ ಗ್ಯಾರಂಟಿ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ಕಿವಿಯೊಳಗೆ ಎಣ್ಣೆ ಬಿಡುವ ವಿಷಯಕ್ಕೆ ಬರೋಣ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಕಿವಿಗೆ ಹಿಂಡುವುದು ನಮ್ಮಲ್ಲಿ ತುಂಬಾ ಮನೆಗಳಲ್ಲಿದೆ. ತಮಟೆಯಲ್ಲಿ ತೂತು ಇದ್ದರೆ ಆ ಎಣ್ಣೆ ಸೀದಾ ನಡುಗಿವಿಗೆ ಇಳಿದು ಸೋಂಕು ತರುತ್ತದೆ. ಎಣ್ಣೆಯ ಬಿಸಿ ಅಂದಾಜು ತಪ್ಪಿದರೆ ಒಳಗೆಲ್ಲ ಸುಡುತ್ತದೆ. ಬೆಳ್ಳುಳ್ಳಿಯ ರಸವೇ ಕಿವಿಯ ತೆಳು ಚರ್ಮವನ್ನು ಸುಟ್ಟ ಉದಾಹರಣೆಗಳಿವೆ. ಅಜ್ಜಿ ಪ್ರೀತಿಯಿಂದಲೇ ಹೇಳುತ್ತಾರೆ, ಅವರಿಗೆ ಬೇಸರವಾಗದಂತೆ "ಡಾಕ್ಟರ್ ತಮಟೆ ನೋಡಿ ಹೇಳಲಿ ಅಜ್ಜಿ, ಆಮೇಲೆ ಹಾಕೋಣ" ಎನ್ನಿ. ಆಯುರ್ವೇದದ ಕರ್ಣಪೂರಣ ಮಾಡಿಸುವುದಿದ್ದರೂ ಇದೇ ಷರತ್ತು: ಮೊದಲು ತಮಟೆ ನೋಡಿರಬೇಕು.

ಕ್ರೇನಿಯೋಸೇಕ್ರಲ್ ಥೆರಪಿ

ಬೆಂಗಳೂರಿನಂಥ ಊರುಗಳಲ್ಲೂ, ಹೊರದೇಶದಲ್ಲಿರುವ ನಮ್ಮವರಿಗೂ ಈ ಹೆಸರು ಕಿವಿಗೆ ಬಿದ್ದೇ ಇರುತ್ತದೆ. ಅಮೆರಿಕದ ಆಸ್ಟಿಯೋಪತಿ ವೈದ್ಯ ವಿಲಿಯಂ ಸದರ್‌ಲ್ಯಾಂಡ್ ಅವರ ಯೋಚನೆಯನ್ನು ಜಾನ್ ಅಪ್ಲೆಡ್ಜರ್ 1970ರ ದಶಕದಲ್ಲಿ ಈ ರೂಪಕ್ಕೆ ತಂದರು. ಮಲಗಿದವರ ತಲೆಯನ್ನು ತೀರಾ ಹಗುರವಾಗಿ ಹಿಡಿದು, ಬುರುಡೆಯ ಮೂಳೆಗಳ ಒಂದು ಲಯವನ್ನು ಗುರುತಿಸಿ ಸರಿಪಡಿಸುತ್ತೇವೆ ಎನ್ನುತ್ತಾರೆ. ಇಬ್ಬರು ಥೆರಪಿಸ್ಟ್‌ಗಳನ್ನು ಕೂರಿಸಿ ಒಬ್ಬರದೇ ತಲೆಯ ಲಯ ಎಣಿಸಲು ಹೇಳಿದಾಗ ಇಬ್ಬರ ಎಣಿಕೆಯೂ ಹೊಂದಲಿಲ್ಲ ಎಂಬುದು ಪರೀಕ್ಷೆಗಳಲ್ಲಿ ಕಂಡಿದೆ. ಟಿನಿಟಸ್‌ಗೆ ಇದು ಕೆಲಸ ಮಾಡುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ.

ಆದರೂ ಅಲ್ಲಿಂದ ಬಂದವರು ಹಗುರವಾಯಿತು ಎನ್ನುವುದು ಸುಳ್ಳಲ್ಲ. ಯಾರೋ ಒಬ್ಬರು ಅವಸರವಿಲ್ಲದೆ ತಲೆ ಹಿಡಿದು ಒಂದು ಗಂಟೆ ಜೊತೆಗಿದ್ದರೆ ಮೈ ಮನಸ್ಸು ಸಡಿಲವಾಗುತ್ತದೆ. ಕೈಯಲ್ಲಿ ಹಣವಿದ್ದು, ವಿಶ್ರಾಂತಿಗೆಂದು ಹೋಗುವುದಾದರೆ ಹೋಗಿ. ಸಾಲ ಮಾಡಿ ಹೋಗುವಂಥದ್ದಲ್ಲ.

ಕತ್ತನ್ನು ಲಟಕ್ ಎನ್ನಿಸಲು ಬಿಡಲೇಬೇಡಿ

ಕ್ಷೌರದಂಗಡಿಯಲ್ಲಿ ಕಟಿಂಗ್ ಮುಗಿದ ಮೇಲೆ ತಲೆ ಮಸಾಜ್ ಮಾಡಿ, ಕೊನೆಗೆ ಗದ್ದ ಹಿಡಿದು ಕತ್ತನ್ನು ಝಟ್ಟನೆ ತಿರುಗಿಸುತ್ತಾರಲ್ಲ, ಅದನ್ನು ನಿಲ್ಲಿಸಿ. 2024ರಲ್ಲಿ ಬಳ್ಳಾರಿಯ ಯುವಕರೊಬ್ಬರಿಗೆ ಹೀಗೆ ಕತ್ತು ತಿರುಗಿಸಿದ ಮೇಲೆ ಸ್ಟ್ರೋಕ್ ಆಗಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಕತ್ತಿನಲ್ಲಿ ಮಿದುಳಿಗೆ ಹೋಗುವ ನಾಲ್ಕು ದೊಡ್ಡ ರಕ್ತನಾಳಗಳಿವೆ. ಝಟ್ಟನೆ ತಿರುಗಿಸಿದಾಗ ಅವುಗಳ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಏರಬಹುದು. ವಯಸ್ಸು ಚಿಕ್ಕದು ಎಂಬುದು ಇಲ್ಲಿ ರಕ್ಷಣೆಯಲ್ಲ. ಬ್ಯೂಟಿ ಪಾರ್ಲರಿನಲ್ಲಿ ಕೂದಲು ತೊಳೆಯಲು ಬೇಸಿನ್ ಮೇಲೆ ಕತ್ತು ತುಂಬಾ ಹಿಂದಕ್ಕೆ ಬಾಗಿಸುವುದರಿಂದಲೂ ಸ್ಟ್ರೋಕ್ ಆದದ್ದನ್ನು 1993ರಲ್ಲೇ ಅಮೆರಿಕದ ವೈದ್ಯರೊಬ್ಬರು ವರದಿ ಮಾಡಿದ್ದರು.

ಇಂಥದ್ದು ಯಾವಾಗಲೋ ಒಮ್ಮೆ ಆಗುವುದು, ನಿಜ. ಆದರೆ ಕಿವಿಯ ಸದ್ದಿಗೆ ಆ ಲಟಕ್‌ನಿಂದ ಏನೂ ಸಿಗುವುದಿಲ್ಲ, ಹಾಗಿರುವಾಗ ಆ ಅಪಾಯ ಯಾಕೆ ಬೇಕು? ಕುರ್ಚಿಯಲ್ಲಿ ಕೂರುವ ಮೊದಲೇ "ಅಣ್ಣಾ, ತಲೆ ಒತ್ತಿ ಸಾಕು, ಕತ್ತು ತಿರುಗಿಸಬೇಡಿ" ಎಂದು ಹೇಳಿಬಿಡಿ. ಯಾವುದೇ ಮಸಾಜ್ ಆದ ಮೇಲೆ ಹಿಂದೆಂದೂ ಇಲ್ಲದ ಕತ್ತುನೋವು, ತಲೆನೋವು, ನಡಿಗೆ ತೂರಾಡುವುದು, ಮಾತು ತೊದಲುವುದು, ಒಂದು ಕೈ ಕಾಲು ಸೋಲುವುದು ಕಂಡರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಿ.

ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುವಾಗ

ಕೈಚಿಕಿತ್ಸೆಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಸಾರಾ ಮಿಖಿಲ್ಸ್ ಮತ್ತು ಜೊತೆಗಾರರು ಕತ್ತಿನ ತೊಂದರೆಯ ಜೊತೆ ಟಿನಿಟಸ್ ಇದ್ದವರಿಗೆ 6 ವಾರಗಳಲ್ಲಿ 12 ಸಲ ಫಿಸಿಯೋಥೆರಪಿ ಕೊಟ್ಟು ನೋಡಿದರು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಮುಗಿದ ಕೂಡಲೇ ಅರ್ಧದಷ್ಟು ಜನರಿಗೆ ಗುರುತಿಸುವಷ್ಟು ಕಡಿಮೆಯಾಗಿತ್ತು. ಇನ್ನೂ 6 ವಾರ ಬಿಟ್ಟು ನೋಡಿದಾಗ ಆ ಲಾಭ ಉಳಿದಿದ್ದು ಸುಮಾರು ಕಾಲು ಭಾಗದವರಲ್ಲಿ. ದೊಡ್ಡ ಸಂಖ್ಯೆಯಲ್ಲ, ಆದರೆ ಏನೂ ಇಲ್ಲ ಎನ್ನುವಂಥದ್ದೂ ಅಲ್ಲ. ಲಾಭ ಪಡೆದವರು ಅರ್ಧದಿಂದ ಕಾಲು ಭಾಗಕ್ಕೆ ಇಳಿದದ್ದನ್ನು ನೋಡಿದರೆ ನನಗೆ ತೋಚುವುದು ಇಷ್ಟು: ಚಿಕಿತ್ಸೆ ನಿಂತ ಮೇಲೂ ಮನೆಯ ವ್ಯಾಯಾಮ ಬಿಡಬಾರದು.

ಹೋಗುವ ಮುಂಚೆ ಫೋನಿನಲ್ಲಿ ಕೇಳಿ: "ಕತ್ತು ಮತ್ತು ದವಡೆಯ ತೊಂದರೆ ನೋಡುತ್ತೀರಾ? ಕಿವಿಯ ಸದ್ದು ಇರುವವರಿಗೆ ಮಾಡಿದ ಅನುಭವ ಇದೆಯಾ?" ಒಳ್ಳೆಯವರು ಮೊದಲ ದಿನವೇ ಕತ್ತು ಎಷ್ಟು ತಿರುಗುತ್ತದೆ, ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆಯುತ್ತಾರೆ, ನಿಮ್ಮ ಆಡಿಯೋಮೆಟ್ರಿ ಚೀಟಿ ನೋಡುತ್ತಾರೆ, ಮನೆಯಲ್ಲಿ ಮಾಡಲು ವ್ಯಾಯಾಮ ಕೊಡುತ್ತಾರೆ. ಬರೀ ಮಲಗಿಸಿ ಮಿಷನ್ ಹಚ್ಚಿ ಕಳಿಸುವ ಕಡೆ ತಿಂಗಳುಗಟ್ಟಲೆ ಅಲೆಯಬೇಡಿ. ಕತ್ತನ್ನು ಝಟ್ಟನೆ ತಿರುಗಿಸುವ ವಿಧಾನ ಬೇಡ ಎಂದು ಅಲ್ಲೂ ಹೇಳಬಹುದು, ಅದು ನಿಮ್ಮ ಹಕ್ಕು.

ಆರು ವಾರ ಕೊಡಿ

ಎಲ್ಲವನ್ನೂ ಒಂದೇ ದಿನ ಶುರು ಮಾಡಬೇಡಿ, ಯಾವುದು ಕೆಲಸ ಮಾಡಿತು ಎಂದು ಗೊತ್ತಾಗುವುದಿಲ್ಲ. ಮೊದಲ ಎರಡು ವಾರ ದವಡೆ ಮಾತ್ರ. ಆಮೇಲೆ ಹಿಂಗತ್ತು ಸೇರಿಸಿ. ಕೊನೆಯ ಎರಡು ವಾರಕ್ಕೆ ಕತ್ತಿನ ಪಕ್ಕ ಮತ್ತು ಹೆಗಲು. ಮಸಾಜ್ ಮಾಡಿದ ದಿನ ಸದ್ದು ಸ್ವಲ್ಪ ಏರಿ ಮರುದಿನಕ್ಕೆ ಇಳಿದರೆ ಗಾಬರಿ ಬೇಡ, ಒತ್ತಡ ಕಡಿಮೆ ಮಾಡಿ ಮುಂದುವರಿಸಿ. ಏರಿದ್ದು ಮೂರು ದಿನವಾದರೂ ಇಳಿಯದಿದ್ದರೆ ಅದನ್ನು ಕೈಬಿಡಿ.

ಇದೆಲ್ಲ ನಡೆಯುವಾಗ ಮಲಗುವ ಕೋಣೆ ಪೂರ್ತಿ ನಿಶ್ಶಬ್ದವಾಗಿರುವುದು ಬೇಡ. ಫ್ಯಾನಿನ ಸದ್ದು, ಮೊಬೈಲಿನಲ್ಲಿ ಸಣ್ಣಗೆ ಮಳೆಯ ಸದ್ದು, ತಾನ್‌ಪುರದ ಶ್ರುತಿ ಯಾವುದಾದರೂ ಸರಿ, ಟಿನಿಟಸ್‌ಗಿಂತ ಒಂದು ಎಳೆ ಕಡಿಮೆ ಇರಲಿ. ಮಲಗುವ ಮುಂಚೆ ಭ್ರಾಮರಿ ಮಾಡುವ ಅಭ್ಯಾಸವಿದ್ದರೆ ಮಾಡಿ, ಆ ಮ್ಮ್ ಎನ್ನುವ ಕಂಪನಕ್ಕೆ ದವಡೆ ತಾನಾಗಿ ಸಡಿಲವಾಗುತ್ತದೆ.

ಆರು ವಾರ ಮುಗಿದ ಮೇಲೆ ನೋಟ್‌ಬುಕ್ಕಿನ ಮೊದಲ ವಾರ ಮತ್ತು ಕೊನೆಯ ವಾರದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡು ಅಂಕಿಗಳಲ್ಲಿ ಯಾವುದಾದರೂ ಒಂದು ಸರಾಸರಿ ಎರಡರಷ್ಟಾದರೂ ಇಳಿದಿದ್ದರೆ ದಿನಕ್ಕೆ ಹತ್ತು ನಿಮಿಷದ ಈ ಆರೈಕೆಯನ್ನು ಮುಂದುವರಿಸಿ. ಇಳಿಯದಿದ್ದರೆ ನಿಲ್ಲಿಸಿ, ನೋಟ್‌ಬುಕ್ ಹಿಡಿದುಕೊಂಡು ಆಡಿಯಾಲಜಿಸ್ಟ್ ಹತ್ತಿರ ಹೋಗಿ. ಕಿವುಡು ಇದ್ದರೆ ಶ್ರವಣ ಸಾಧನ ಹಾಕಿದಾಗಲೇ ಎಷ್ಟೋ ಜನರಿಗೆ ಸದ್ದು ಹಿಂದೆ ಸರಿಯುತ್ತದೆ. ಕಾಟವೇ ಜಾಸ್ತಿ ಇರುವವರಿಗೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂಬ, ಮಾತಿನ ಮೂಲಕ ಮನಸ್ಸಿಗೆ ಕೊಡುವ ಚಿಕಿತ್ಸೆ ಇದೆ, ಇದುವರೆಗಿನ ಚಿಕಿತ್ಸೆಗಳಲ್ಲಿ ಅತಿ ಗಟ್ಟಿ ಆಧಾರ ಇರುವುದು ಅದಕ್ಕೇ. ಆ ಬಗ್ಗೆ ಅವರನ್ನೇ ಕೇಳಿ, ಯಾರ ಹತ್ತಿರ ಹೋಗಬೇಕು ಎಂದು ಚೀಟಿ ಬರೆಸಿಕೊಂಡು ಬನ್ನಿ.